ಗೋಡೆಯ ಹೊರಗಿದ್ದ ಎರಡನೇ ಕೇರಿ

ಈ ಸಂಜೆ ರಾಯಚೂರಿನ ತಮ್ಮಂದಿರು ತಂಗಿಯರ ಜೊತೆಗೆ ದೇವದುರ್ಗ, ಮಾನ್ವಿ ಕಡೆಯಿಂದಲೂ ಬಹಳ ಜನ ಬಂದಿದ್ದೀರಿ. ದೇವರಿಗೆ ಸ್ತೋತ್ರ. ಬೈಬಲ್ ಇದ್ದವರು ಬೈಬಲ್ ತೆಗೀರಿ, ಮೊಬೈಲ್ ಇದ್ದವರು ಮೊಬೈಲ್ ತೆಗೀರಿ, ಆದ್ರ ಬೈಬಲ್ ಆ್ಯಪ್ ಬಿಟ್ಟು ಬೇರೆ ಕಡೆ ಹೋಗಬ್ಯಾಡ್ರಿ. 2 ಅರಸುಗಳು 22ನೇ ಅಧ್ಯಾಯ, ಯೆಶಾಯ 22ನೇ ಅಧ್ಯಾಯ, ನೆಹೆಮೀಯ 3ನೇ ಅಧ್ಯಾಯ. ಮೂರರಲ್ಲೂ ಬೆರಳು ಇಟ್ಟುಕೊಂಡಿರಿ.

ಒಬ್ಬ ತಮ್ಮ ನನಗೆ ವಾಟ್ಸಾಪಿನಲ್ಲಿ ಒಂದು ವಿಡಿಯೋ ಕಳಿಸಿದ್ದ. ಯೆರೂಸಲೇಮಿನ ಕೋಟೆಯೊಳಗೆ ಯೆಹೂದ್ಯರ ಕೇರಿ ಇದೆಯಲ್ಲ, ಜ್ಯೂಯಿಶ್ ಕ್ವಾರ್ಟರ್ ಅಂತಾರೆ, ಅದರ ಓಣಿಗಳಲ್ಲಿ ಒಬ್ಬ ಕ್ಯಾಮೆರಾ ಹಿಡಿದು ನಡೀತಾನೆ. ಹಿಂದೆ ಜೋರಾದ ಮ್ಯೂಸಿಕ್. ಅಂತ್ಯಕಾಲ ಬಂತು, ಮೂರನೇ ದೇವಾಲಯ ಬಂತು ಅಂತ ಕೆಳಗೆ ದೊಡ್ಡ ಅಕ್ಷರ. ವಿಡಿಯೋ ಹೆಂಗರ ಇರಲಿ, ಆ ತಮ್ಮನ ಪ್ರಶ್ನೆ ಚಲೋ ಇತ್ತು. "ಅಣ್ಣ, ದಾವೀದ ಅರಸ ಇದ್ದದ್ದು ಇದೇ ಓಣಿಯಾಗ ಏನ್ರಿ?"

ಅಲ್ಲ. ದಾವೀದನ ಊರು ಇವತ್ತಿನ ಕೋಟೆಗೋಡೆಯ ಹೊರಗೆ, ದಕ್ಷಿಣದ ಕಡೆ, ಗೀಹೋನ್ ಬುಗ್ಗೆಯ ಮೇಲಿರುವ ಸಣ್ಣ ದಿಣ್ಣೆಯಲ್ಲಿತ್ತು. ಯೆಹೂದ್ಯರ ಕೇರಿ ಇರುವುದು ಅದಕ್ಕಿಂತ ಎತ್ತರದ ಪಶ್ಚಿಮದ ಗುಡ್ಡದ ಮೇಲೆ. ಎರಡರ ನಡುವೆ ಒಂದು ಕಣಿವೆ. ದಾವೀದನ ಕಾಲದಲ್ಲಿ ಆ ಪಶ್ಚಿಮದ ಗುಡ್ಡ ಊರಿನ ಗೋಡೆಯ ಹೊರಗಿತ್ತು. ಇವತ್ತು ಅದು ಒಳಗೆ, ದಾವೀದನ ಊರೇ ಹೊರಗೆ.

ರಾಯಚೂರಿನವರಿಗೆ ಇದು ತಿಳಿಯೋದು ಕಷ್ಟ ಅಲ್ಲ. ನಮ್ಮ ಕೋಟೆಗೆ ಒಂದಲ್ಲ, ಎರಡು ಸುತ್ತು ಗೋಡೆ. ಒಳಗಿನದು ಗಾರೆ ಹಾಕದೆ ದೊಡ್ಡ ದೊಡ್ಡ ಕಲ್ಲು ಕೂಡಿಸಿ ಕಟ್ಟಿದ್ದು, ಅದರಲ್ಲಿ 1294ರ ಶಾಸನ ಇದೆ. ಹೊರಗಿನ ಸುತ್ತು ಆಮೇಲೆ ಸುಲ್ತಾನರ ಕಾಲದ್ದು. ಕಾಟಿ ದರ್ವಾಜಾ, ನೌರಂಗಿ ದರ್ವಾಜಾ, ಮೆಕ್ಕಾ ದರ್ವಾಜಾ ಎಲ್ಲ ಅದರ ಬಾಗಿಲುಗಳು. ಮೊದಲು ಹೊರಗಿದ್ದ ಜಾಗ ಎರಡನೇ ಗೋಡೆ ಬಂದ ಮೇಲೆ ಒಳಗಾಯಿತು. ಗೋಡೆ ಕಂಡ ಕೂಡಲೇ ನಾವು ಎತ್ತರ ನೋಡ್ತೀವಿ, ಫೋಟೋ ತೆಗೀತೀವಿ. ಅದು ಯಾರನ್ನು ಒಳಗೆ ತಗೊಂಡಿತು, ಯಾರನ್ನು ಹೊರಗೆ ಬಿಟ್ಟಿತು ಅಂತ ಕೇಳೋರು ಕಮ್ಮಿ. ಇವತ್ತು ಆ ಪ್ರಶ್ನೆ ಹಿಡ್ಕೊಂಡು ಯೆರೂಸಲೇಮಿಗೆ ಹೋಗೋಣ. ನಾನು ಅಲ್ಲಿಗೆ ಹೋಗಿಲ್ಲ, ಪಾಸ್‌ಪೋರ್ಟೂ ಇಲ್ಲ. ವಾರವೆಲ್ಲ ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯೋನು ನಾನು. ಬೈಬಲ್ ಕಾಲೇಜಿನ ಡಿಪ್ಲೊಮಾದಲ್ಲಿ ಓದಿದ್ದು, ಆಮೇಲೆ ನಕ್ಷೆ ಹರವಿಕೊಂಡು ಕೂತು ತಿಳಿದದ್ದು, ಅಷ್ಟೇ ಹೇಳ್ತೀನಿ.

ಇವತ್ತು ಕಾಣುವ ಕೋಟೆಗೋಡೆ ತುರ್ಕಿಯ ಸುಲ್ತಾನ ಸುಲೈಮಾನ್ 1537ರಿಂದ 1541ರ ಸುಮಾರಿಗೆ ಕಟ್ಟಿಸಿದ್ದು. ಸುತ್ತಳತೆ ಸುಮಾರು 4 ಕಿಲೋಮೀಟರ್. ಒಳಗಿನ ಜಾಗ ಒಂದು ಚದರ ಕಿಲೋಮೀಟರಿಗಿಂತ ಕಮ್ಮಿ, ಅದರಲ್ಲೇ ನಾಲ್ಕು ಕೇರಿ. ವಾಯವ್ಯದಲ್ಲಿ ಕ್ರೈಸ್ತರದ್ದು, ಈಶಾನ್ಯದಲ್ಲಿ ಮುಸ್ಲಿಮರದ್ದು, ನೈರುತ್ಯದಲ್ಲಿ ಅರ್ಮೇನಿಯದವರದ್ದು, ಆಗ್ನೇಯದಲ್ಲಿ ಯೆಹೂದ್ಯರದ್ದು. ಯೆಹೂದ್ಯರ ಕೇರಿಗೆ ದಕ್ಷಿಣದಿಂದ ಹೋಗುವವರು ಚೀಯೋನ್ ಬಾಗಿಲಿನಿಂದ ಹೋಗಬಹುದು. ಕೇರಿಯ ಪೂರ್ವಕ್ಕೆ ನೆಲ ಇಳಿಜಾರು. ಮೆಟ್ಟಿಲು ಇಳಿದು ಹೋದರೆ ಪಶ್ಚಿಮದ ಗೋಡೆ, ಜನ ಚೀಟಿ ಬರೆದು ಕಲ್ಲಿನ ಸಂದಿಯಲ್ಲಿ ಇಟ್ಟು ಪ್ರಾರ್ಥಿಸುವ ಜಾಗ. ಅದರ ಮೇಲೆ ದೇವಾಲಯದ ದಿಬ್ಬ. ಉತ್ತರಕ್ಕೆ ಸರಪಳಿ ಬೀದಿ, ಅದರಾಚೆ ಮುಸ್ಲಿಮರ ಕೇರಿ. ನಡುವೆ ಹಳೇ ರೋಮನ್ ಶೈಲಿಯ ರಾಜಬೀದಿ, ಕಾರ್ಡೊ ಅಂತ ಹೆಸರು. ಆರನೇ ಶತಮಾನದಲ್ಲಿ ಕಂಬಸಾಲು ನಿಲ್ಲಿಸಿ ಮಾಡಿದ ಬಜಾರು ಅದು. ಈಗಿನ ಓಣಿಗಿಂತ ಬಹಳ ಕೆಳಗಿದೆ. ಅಂದ್ರ ಇವತ್ತಿನ ಜನ ಹಳೇ ಊರಿನ ಮಾಳಿಗೆ ಮೇಲೆ ನಡೆದ ಹಾಗೆ ನಡೀತಾರೆ.

ಇನ್ನು ಆ ಗುಡ್ಡದ ಮೇಲೆ ಮೊದಲು ಮನೆ ಕಟ್ಟಿದವರು ಯಾರು?

ಕ್ರಿಸ್ತಪೂರ್ವ 722ರ ಸುಮಾರಿಗೆ ಉತ್ತರದ ರಾಜ್ಯದ ಸಮಾರ್ಯ ಅಶ್ಶೂರದವರ ಕೈಗೆ ಬಿತ್ತು. ಆ ನಂತರ ಯೆರೂಸಲೇಮ್ ಇದ್ದಕ್ಕಿದ್ದ ಹಾಗೆ ಹಲವು ಪಟ್ಟು ಬೆಳೆಯಿತು. ಉತ್ತರದಿಂದ ಓಡಿ ಬಂದವರೇ ಇದಕ್ಕೆ ದೊಡ್ಡ ಕಾರಣ ಅಂತ ಅನೇಕ ಪುರಾತತ್ವ ಶಾಸ್ತ್ರಜ್ಞರ ಅಭಿಪ್ರಾಯ. ಓಡಿ ಬಂದವರಿಗೆ ಅರಮನೆ ಪಕ್ಕದಲ್ಲಿ ಯಾರು ಜಾಗ ಕೊಡ್ತಾರ್ರಿ? ಗೋಡೆಯ ಹೊರಗೆ, ಕಣಿವೆಯ ಆಚೆ, ಖಾಲಿ ಗುಡ್ಡದ ಮೇಲೆ ಮನೆ ಹಾಕಿದರು. ದೇವದುರ್ಗದ ಹಳ್ಳಿಗಳಿಂದ ಬಂದವರಿಗೆ ಇದನ್ನ ನಾನು ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ ಗುಳೆ ಹೋಗ್ತಾರೆ. ಬೆಂಗಳೂರಿನಲ್ಲಿ ಎಲ್ಲಿ ಇರ್ತಾರೆ? ಕಟ್ಟುತ್ತಿರುವ ಬಿಲ್ಡಿಂಗಿನ ಪಕ್ಕ, ನೀಲಿ ತಾಡಪತ್ರಿ ಕೆಳಗೆ. ಅವರು ಕಟ್ಟಿದ ಬಿಲ್ಡಿಂಗಿನೊಳಗೆ ಅಲ್ಲ.

ಆ ಗುಡ್ಡದ ಬಡಾವಣೆಗೆ ಹೀಬ್ರೂ ಬೈಬಲಿನಲ್ಲಿ ಒಂದು ಹೆಸರಿದೆ, ಮಿಷ್ನೆ. ಎರಡನೆಯದು ಅಂತ ಅರ್ಥ. ನಾನು ಅದನ್ನ ಎರಡನೇ ಕೇರಿ ಅಂತ ಕರೀತೀನಿ. ಬೇಕಂತಲೇ ಆ ಮಾತು ಬಳಸ್ತೀನಿ, ಯಾಕಂದ್ರ ಕೇರಿ ಅಂದರೆ ಏನು ಅಂತ ಇಲ್ಲಿ ಕೂತ ಬಹಳ ಜನರಿಗೆ ಡಿಕ್ಷನರಿ ಬೇಕಾಗಿಲ್ಲ. ಊರು ಒಂದು ಕಡೆ, ಕೇರಿ ಒಂದು ಕಡೆ. ಊರಿನ ಹೆಸರು ಹೇಳಿದ ಮೇಲೂ "ಅದರಾಗ ಯಾವ ಕಡೆ?" ಅಂತ ಇನ್ನೊಂದು ಪ್ರಶ್ನೆ ಬರ್ತದಲ್ಲ, ಆ ಪ್ರಶ್ನೆ.

ಈಗ ಹಿಜ್ಕೀಯ ಅರಸನ ಕಾಲ. ಕ್ರಿಸ್ತಪೂರ್ವ 701. ಅಶ್ಶೂರದ ಸನ್ಹೇರೀಬ ಯೆಹೂದ ದೇಶದ ಮೇಲೆ ಬಂದ. 46 ಕೋಟೆ ಊರುಗಳನ್ನು ಹಿಡಿದೆ ಅಂತ ತನ್ನ ಶಾಸನದಲ್ಲಿ ತಾನೇ ಬರೆಸಿಕೊಂಡಿದ್ದಾನೆ. ಯೆರೂಸಲೇಮಿನ ಸರದಿ ಬಂತು. ಹಿಜ್ಕೀಯ ಎರಡು ಕೆಲಸ ಮಾಡಿದ. ಗೋಡೆಯ ಹೊರಗಿದ್ದ ಗೀಹೋನ್ ಬುಗ್ಗೆಯ ನೀರು ಶತ್ರುವಿಗೆ ಸಿಗಬಾರದು ಅಂತ ಬಂಡೆ ಕೊರೆಸಿ 533 ಮೀಟರ್ ಸುರಂಗ ಮಾಡಿ ನೀರನ್ನು ಊರೊಳಗೆ ತಂದ. 2 ಅರಸುಗಳು 20:20 ನೋಡ್ರಿ. ಇನ್ನೊಂದು, ಹೊರಗೆ ಮತ್ತೊಂದು ಗೋಡೆ ಕಟ್ಟಿಸಿದ. ಅದು 2 ಪೂರ್ವಕಾಲವೃತ್ತಾಂತ 32:5ರಲ್ಲಿದೆ.

1967ರ ನಂತರ ನಹ್ಮಾನ್ ಅವಿಗಾದ್ ಎಂಬ ಪುರಾತತ್ವ ಶಾಸ್ತ್ರಜ್ಞರು ಯೆಹೂದ್ಯರ ಕೇರಿಯಲ್ಲಿ ಉತ್ಖನನ ಮಾಡುವಾಗ ಗೋಡೆಯ ಒಂದು ತುಂಡು ಸಿಕ್ಕಿತು. ಉದ್ದ ಸುಮಾರು 65 ಮೀಟರ್, ದಪ್ಪ 7 ಮೀಟರ್. ಏಳು ಮೀಟರ್ ಅಂದರೆ ಅದರ ಮೇಲೆ ಎರಡು ಟ್ರ್ಯಾಕ್ಟರ್ ಅಕ್ಕಪಕ್ಕ ಹೋಗಬಹುದು. ಹಿಜ್ಕೀಯನ ಕಾಲದ ಗೋಡೆ ಅಂತ ಹೇಳ್ತಾರೆ. ಈಗಲೂ ಮನೆಗಳ ನಡುವೆ ತಗ್ಗಿನಲ್ಲಿ ಅದು ಕಾಣುತ್ತದೆ, ಮೇಲಿನಿಂದ ಬಗ್ಗಿ ನೋಡಬೇಕು. ನೆಹೆಮೀಯ 3:8ರ ಅಗಲವಾದ ಗೋಡೆ ಇದೇ ಇರಬೇಕು ಅಂತ ಅದಕ್ಕೆ ಆ ಹೆಸರೇ ಉಳಿದಿದೆ.

ಹಲ್ಲೆಲೂಯಾ ಅನ್ನಬೇಕಾದ ಮಾತು ಇದು. ಹೊರಗಿದ್ದ ಕೇರಿಯನ್ನು ಅರಸ ಬಿಟ್ಟು ಬಿಡಲಿಲ್ಲ. "ಹಳೇ ಗೋಡೆ ಸಾಕು, ಅವರ ಪಾಡು ಅವರಿಗೆ" ಅನ್ನಬಹುದಿತ್ತು. ಖರ್ಚು ಉಳೀತಿತ್ತು, ಟೈಮೂ ಉಳೀತಿತ್ತು. ಅನ್ನಲಿಲ್ಲ. ಗುಳೆ ಬಂದವರ ಗುಡ್ಡವನ್ನು ಒಳಗೆ ಸೇರಿಸಿ ಗೋಡೆ ಕಟ್ಟಿಸಿದ.

ಆದ್ರ ತಮ್ಮಂದಿರೇ, ಅಲ್ಲಿಗೇ ನಿಲ್ಲಿಸಬ್ಯಾಡ್ರಿ. ಅವಿಗಾದ್ ಅವರಿಗೆ ಇನ್ನೊಂದೂ ಸಿಕ್ಕಿತು. ಆ ದಪ್ಪ ಗೋಡೆಯ ಕೆಳಗೆ ಮನೆಯ ಗೋಡೆಗಳಿದ್ದವು. ಮೊದಲೇ ಇದ್ದ ಮನೆ ಕೆಡವಿ ಅದರ ಮೇಲೆ ಕೋಟೆಗೋಡೆ ಎಬ್ಬಿಸಿದ್ದಾರೆ. ಈಗ ಯೆಶಾಯ 22:9ರಿಂದ 11. ಜನರು ಯೆರೂಸಲೇಮಿನ ಮನೆಗಳನ್ನು ಎಣಿಸಿದರು, ಗೋಡೆ ಭದ್ರ ಮಾಡಲು ಮನೆಗಳನ್ನು ಕೆಡವಿದರು ಅಂತ ಪ್ರವಾದಿ ಹೇಳ್ತಾನೆ. ರೋಡ್ ಅಗಲ ಮಾಡೋಕೆ ಬಂದವರು ಮನೆ ಗೋಡೆ ಮೇಲೆ ಕೆಂಪು ಗುರುತು ಹಾಕಿ ನಂಬರ್ ಬರೀತಾರಲ್ಲ, ಅದೇ ಚಿತ್ರ. ಎಣಿಸಿದರು, ಆಮೇಲೆ ಕೆಡವಿದರು. ಗೋಡೆ ಎಲ್ಲಿ ಹಾದು ಹೋಗಬೇಕೋ ಅಲ್ಲಿದ್ದವನ ಮನೆ ಹೋಯಿತು. ಅದೂ ಹಿಂದೊಮ್ಮೆ ಎಲ್ಲಿಂದಲೋ ಓಡಿ ಬಂದು ಕಟ್ಟಿದವನ ಮನೆ ಆಗಿದ್ದಿರಬಹುದು.

ಗೋಡೆ ಕಟ್ಟಿದ್ದೇ ತಪ್ಪು ಅಂತ ಯೆಶಾಯ ಹೇಳಿದನಾ? ನಾನು ಹಂಗ ಓದೋದಿಲ್ಲ. ನೀರಿಗೆ ವ್ಯವಸ್ಥೆ ಮಾಡಿದಿರಿ, ಕಲ್ಲಿಗೆ ವ್ಯವಸ್ಥೆ ಮಾಡಿದಿರಿ, ಇದನ್ನೆಲ್ಲ ಬಹಳ ಹಿಂದೆಯೇ ಯೋಜಿಸಿದವನ ಕಡೆ ಮುಖ ಎತ್ತಲಿಲ್ಲ ಅನ್ನೋದು ಅವನ ದೂರು. ಆದರೂ ಅವನು ಕೆಡವಿದ ಮನೆಗಳ ವಿಷಯ ಬಿಡಲಿಲ್ಲ, ವಾಕ್ಯದಲ್ಲಿ ಅದು ಬರೆದಿಟ್ಟಿದೆ. ಊರು ಉಳೀತು ಅಂತ ಎಲ್ಲರೂ ಸಂತೋಷ ಪಡುವಾಗ, ಯಾರ ಮನೆ ಹೋಯ್ತು ಅಂತ ದೇವರ ಪುಸ್ತಕದಲ್ಲಿ ಒಂದು ಸಾಲು ಇದೆ ನೋಡ್ರಿ. ಆ ಗೋಡೆ ನೆಲದಿಂದ ಮೇಲೆ ಬಂದಾಗ ಮನೆಗಳೂ ಜೊತೆಗೇ ಬಂದವು.

ಸುಮಾರು 80 ವರ್ಷ ಮುಂದೆ ಬನ್ನಿ. ಕ್ರಿಸ್ತಪೂರ್ವ 622. ಯೋಷೀಯ ಅರಸ. ದೇವಾಲಯ ರಿಪೇರಿ ಮಾಡುವಾಗ ಧರ್ಮಶಾಸ್ತ್ರದ ಗ್ರಂಥ ಸಿಕ್ಕಿತು. ಅರಸ ಕೇಳಿ ಬಟ್ಟೆ ಹರಿದುಕೊಂಡ. ಇದರ ಅರ್ಥ ಏನು, ಯೆಹೋವನು ಏನು ಹೇಳ್ತಾನೆ, ಹೋಗಿ ವಿಚಾರಿಸ್ರಿ ಅಂದ. 2 ಅರಸುಗಳು 22:14. ಮಹಾಯಾಜಕನಾದ ಹಿಲ್ಕೀಯ, ಲೇಖಕ ಶಾಫಾನ, ಇನ್ನೂ ಮೂವರು, ಒಟ್ಟು ಐದು ಜನ ದೊಡ್ಡ ಮನುಷ್ಯರು ಹೊರಟರು. ಎಲ್ಲಿಗೆ ಹೋದರು? ಎರಡನೇ ಕೇರಿಗೆ. ಹುಲ್ದ ಎಂಬ ಪ್ರವಾದಿನಿಯ ಮನೆಗೆ.

ಯೆರೆಮೀಯನೂ ಆ ಕಾಲದವನೇ. ಚೆಫನ್ಯನೂ ಇದ್ದ. ಅವರನ್ನು ಬಿಟ್ಟು ಈ ತಾಯಿಯ ಬಾಗಿಲಿಗೆ ಹೋದರು. ಆಕೆ ಬಡವಳು ಅಂತ ನಾನು ಹೇಳೋದಿಲ್ಲ. ಗಂಡ ಶಲ್ಲೂಮ ವಸ್ತ್ರಾಗಾರ ನೋಡಿಕೊಳ್ಳುವವನು, ಕೆಲಸ ಇದ್ದ ಮನೆ. ಆದರೆ ಮನೆ ಎಲ್ಲಿತ್ತು ಅಂತ ಬರೆದವನು ಬಿಡದೆ ಬರೆದಿದ್ದಾನೆ. ಅರಮನೆಯವರು ಕಣಿವೆ ದಾಟಿ, ಗುಡ್ಡ ಹತ್ತಿ ಹೋಗಬೇಕಾಯಿತು. ಆಕೆಯೂ "ಅರಸರು ಕಳಿಸ್ಯಾರ" ಅಂತ ಮಾತು ಮೆತ್ತಗೆ ಮಾಡಲಿಲ್ಲ. ನಿಮ್ಮನ್ನು ಕಳಿಸಿದ ಮನುಷ್ಯನಿಗೆ ಹೇಳಿರಿ ಅಂತ ಶುರು ಮಾಡ್ತಾಳೆ. ಅರಸ ಅಂತ ಅಲ್ಲ, ಮನುಷ್ಯ ಅಂತ. ತಂಗಿಯರೇ, ಇದನ್ನ ಮನೆಗೆ ಹೋಗಿ ಎರಡು ಸಲ ಓದ್ರಿ.

ಇಲ್ಲಿ ಸ್ವಲ್ಪ ನಮ್ಮ ಮಾತು ಆಡಬೇಕು. ನಮ್ಮ ಕೂಟದ ಒಬ್ಬ ತಮ್ಮ ಈ ಊರಲ್ಲಿ ರೂಮು ಹುಡುಕುವಾಗ ನಾಲ್ಕು ಕಡೆ ಅಡ್ವಾನ್ಸ್ ಮಾತಾಗಿ, ಊರು ಯಾವುದು, ಅದರಾಗ ಯಾವ ಕಡೆ ಅಂತ ಕೇಳಿದ ಮೇಲೆ "ರೂಮು ಬೇರೆಯವರಿಗೆ ಕೊಟ್ವಿ" ಅಂದರು. ಐದನೇ ಕಡೆ ಅವನು ಬೇರೆ ಊರಿನ ಹೆಸರು ಹೇಳಿದ. ರೂಮು ಸಿಕ್ಕಿತು. ಅವನ ಅವ್ವ ಊರಿಂದ ರೊಟ್ಟಿ ತಗೊಂಡು ಬರ್ತೀನಿ ಅಂದಾಗ ಬರಬ್ಯಾಡ ಅಂದ. ಅವನು ನನ್ನ ಹತ್ತಿರ ಬಂದು ಅತ್ತದ್ದು ಸುಳ್ಳು ಹೇಳಿದ್ದಕ್ಕಲ್ಲ, ಅವ್ವನ್ನ ಬರಬ್ಯಾಡ ಅಂದದ್ದಕ್ಕೆ. ಅವನಿಗೆ ನಾನು ಓದಿಸಿದ್ದು ಇದೇ ಅಧ್ಯಾಯ.

ಹೊರಗಿನವರ ಮಾತು ಬಿಡ್ರಿ. ಸಭೆಯ ಒಳಗೆ? ಭಾನುವಾರ ಒಂದೇ ರೊಟ್ಟಿ ಮುರೀತೀವಿ, ಒಂದೇ ಪಾತ್ರೆಯಿಂದ ಕುಡಿಯುತ್ತೀವಿ. ಮದುವೆ ಮಾತು ಬಂದರೆ ಹುಡುಗ ದೀಕ್ಷಾಸ್ನಾನ ಆದವನಾ ಅಂತ ಒಂದು ಪ್ರಶ್ನೆ, ಆಮೇಲೆ ಮೆಲ್ಲಗೆ, "ಅವರು ಮೊದಲು ಯಾರು?" ಅಂತ ಇನ್ನೊಂದು. ವಿಶ್ವಾಸಿಗಳೇ ಕೇಳ್ತಾರೆ, ಅನ್ಯಭಾಷೆಯಲ್ಲಿ ಪ್ರಾರ್ಥಿಸುವವರೇ ಕೇಳ್ತಾರೆ. ಆಮೆನ್ ಅನ್ನೋರು ಕಮ್ಮಿ ಆದ್ರು, ನೋಡ್ರಿ. ಇರಲಿ.

ನೆಹೆಮೀಯ 3:8ಕ್ಕೆ ಬನ್ನಿ. ಬಾಬೆಲಿನವರು ಕ್ರಿಸ್ತಪೂರ್ವ 586ರಲ್ಲಿ ಊರು ಸುಟ್ಟರು. ಆ ಬೆಂಕಿಯ ಬೂದಿ, ಬಾಣದ ಮೊನೆಗಳು ಇದೇ ಕೇರಿಯಲ್ಲಿ ಒಂದು ಬುರುಜಿನ ಬುಡದಲ್ಲಿ ಸಿಕ್ಕಿವೆ. ಸುಮಾರು 140 ವರ್ಷದ ನಂತರ ನೆಹೆಮೀಯ ಬಂದು ಗೋಡೆ ಕಟ್ಟಿಸುತ್ತಾನೆ. ಅಗಲವಾದ ಗೋಡೆಯ ತನಕ ಕೆಲಸ ಮಾಡಿದವರು ಯಾರು? ಅಕ್ಕಸಾಲಿಗರ ಪೈಕಿ ಉಜ್ಜೀಯೇಲ, ಸುಗಂಧದ್ರವ್ಯ ಮಾಡುವವರ ಪೈಕಿ ಹನನ್ಯ. ಗೌಂಡಿಗಳಲ್ಲ! ಅಕ್ಕಸಾಲಿಗನ ಕೈ ಕಲ್ಲು ಹೊತ್ತರೆ ಏನಾಗ್ತದ ಹೇಳ್ರಿ. ಆದರೂ ಅವರ ಹೆಸರು ಬರೆದಿದೆ. ನಮ್ಮ ರಾಯಚೂರು ಕೋಟೆಯ ಶಾಸನ ಇರುವ ಕಲ್ಲು 41 ಅಡಿಗಿಂತ ಉದ್ದ. ಅದನ್ನು ಬಂಡಿಯ ಮೇಲೆ ಹೇರಿ ಎಳೆದು ತಂದ ಚಿತ್ರವನ್ನೂ ಅಲ್ಲೇ ಕೊರೆದಿದ್ದಾರೆ, ಎಳೆಯುವ ಕೋಣಗಳ ಸಾಲು, ಹುರಿದುಂಬಿಸುವ ಜನ. ಕಟ್ಟಿಸಿದವರ ಹೆಸರಿದೆ. ಬಂಡಿಯ ಗಾಲಿಗೆ ಹೆಗಲು ಕೊಟ್ಟವರ ಹೆಸರಿಲ್ಲ. ನೆಹೆಮೀಯನ ಪಟ್ಟಿಯನ್ನು ಬೋರಿಂಗ್ ಅಂತ ಹಾರಿಸಿ ಓದ್ತೀರಲ್ಲ, ಈ ಕಲ್ಲು ನೋಡಿ ಬಂದು ಮತ್ತೆ ಓದ್ರಿ.

ಮುಂದಿನ ಕಥೆ ನನಗೆ ಯಾವಾಗಲೂ ಕಸಿವಿಸಿ ಮಾಡ್ತದೆ. ಯೇಸು ಸ್ವಾಮಿ ಇದ್ದ ಕಾಲಕ್ಕೆ ಅದೇ ಗುಡ್ಡ ಮೇಲೂರು ಆಗಿತ್ತು, ಶ್ರೀಮಂತರ ಬಡಾವಣೆ. ಉತ್ಖನನದಲ್ಲಿ ಸಿಕ್ಕ ಒಂದು ಬಂಗಲೆ ಸುಮಾರು 600 ಚದರ ಮೀಟರ್. ಬಣ್ಣದ ಕಲ್ಲಿನ ನೆಲ, ಚಿತ್ರ ಬರೆದ ಗೋಡೆ, ಶುದ್ಧೀಕರಣಕ್ಕೆ ಮನೆಯೊಳಗೇ ಮೆಟ್ಟಿಲಿನ ಕೊಳಗಳು. ಯಾಜಕ ಕುಟುಂಬಗಳು ಇದ್ದ ಜಾಗ ಅಂತ ಹೇಳ್ತಾರೆ. ಸುಟ್ಟ ಮನೆ ಎಂದು ಹೆಸರಾದ ಇನ್ನೊಂದು ಮನೆಯಲ್ಲಿ ತೂಕದ ಕಲ್ಲಿನ ಮೇಲೆ ಕತ್ರೋಸನ ಮಗ ಅಂತ ಬರೆದಿದೆ. ಕತ್ರೋಸ ಮಹಾಯಾಜಕರ ಮನೆತನಗಳಲ್ಲಿ ಒಂದು. ಈ ಮನೆತನಗಳ ಆಳುಗಳು ಬಡಿಗೆ ಹಿಡಿದು ಜನರನ್ನು ಹೊಡೆಯುತ್ತಿದ್ದರು ಅಂತ ಯೆಹೂದ್ಯರ ತಾಲ್ಮುದಿನಲ್ಲೇ ದೂರು ಇದೆ. ಅಂದ್ರ ಗುಳೆ ಬಂದವರ ಗುಡ್ಡ ಏಳು ನೂರು ವರ್ಷದಲ್ಲಿ ಬಡಿಗೆ ಹಿಡಿದವರ ಗುಡ್ಡ ಆಯಿತು. ನಿಮ್ಮಲ್ಲಿ ಕೆಲವರಿಗೆ ನಾಳೆ ಸರ್ಕಾರಿ ನೌಕರಿ ಆಗ್ತದೆ, ಸ್ವಂತ ಮನೆ ಆಗ್ತದೆ, ಬಾಡಿಗೆಗೆ ರೂಮು ಕೊಡುವವರು ಆಗ್ತೀರಿ. ಆವಾಗ ಊರು ಯಾವುದು ಅಂತ ನೀವೂ ಕೇಳ್ತೀರೇನು?

ಕ್ರಿಸ್ತಶಕ 70ರಲ್ಲಿ ರೋಮನ್ನರು ದೇವಾಲಯ ಸುಟ್ಟರು, ಸುಮಾರು ಒಂದು ತಿಂಗಳಲ್ಲಿ ಮೇಲೂರಿಗೂ ಬೆಂಕಿ ಬಿತ್ತು. ಆ ಸುಟ್ಟ ಮನೆಯ ಅಡುಗೆಕೋಣೆ ಹೊಸ್ತಿಲ ಹತ್ತಿರ ಒಬ್ಬ ಯುವತಿಯ ಕೈ ಮೂಳೆ ಸಿಕ್ಕಿದೆ. ಲೂಕ 19ರಲ್ಲಿ ಸ್ವಾಮಿ ಈ ಊರನ್ನು ನೋಡಿ ಅತ್ತದ್ದು ಇದಕ್ಕೇ. ಅವರು ಶಿಲುಬೆಗೆ ಹೋದದ್ದು ಎಲ್ಲಿ? ಬಾಗಿಲಿನ ಹೊರಗೆ, ಇಬ್ರಿಯರಿಗೆ 13:12. ಅನೇಕರು ನಂಬುವ ಆ ಸ್ಥಳ ಈಗ ಕೋಟೆಯ ಒಳಗಿದೆ, ಕ್ರೈಸ್ತರ ಕೇರಿಯಲ್ಲಿ. ಶಿಲುಬೆಯ ನಂತರ ಹತ್ತು ಹದಿನೈದು ವರ್ಷಕ್ಕೆ ಹೆರೋದ ಅಗ್ರಿಪ್ಪ ಹೊಸ ಗೋಡೆ ಶುರು ಮಾಡಿದ ಮೇಲೆ ಅದು ಒಳಗಾಯಿತು.

ಆಮೇಲಿನ ಸಾವಿರ ವರ್ಷ ಬೇಗ ದಾಟೋಣ. ಕ್ರಿಸ್ತಶಕ 135ರ ಬಳಿಕ ಯೆಹೂದ್ಯರು ಊರಿಗೆ ಕಾಲಿಡಬಾರದು ಅಂತ ರೋಮನ್ನರ ಅಪ್ಪಣೆ. ಬೈಜಾಂಟಿಯನ್ ಅರಸರು, ಅರಬರು, ಕ್ರುಸೇಡಿನವರು ಒಬ್ಬರ ಮೇಲೊಬ್ಬರು ಬಂದರು. 1267ರಲ್ಲಿ ಸ್ಪೇನಿನಿಂದ ಬಂದ ರಬ್ಬಿ ನಹ್ಮಾನಿಡಿಸ್ ಅಲ್ಲಿ ಕಂಡ ಯೆಹೂದ್ಯರು ಇಬ್ಬರೇ, ಬಣ್ಣ ಹಾಕುವ ಅಣ್ಣತಮ್ಮಂದಿರು. ಅಲ್ಲಿಂದ ಮತ್ತೆ ಆರಾಧನೆ ಶುರುವಾಯಿತು. ಹುರ್ವ ಎಂಬ ಸಭಾಮಂದಿರ ಇದೆ, ಹುರ್ವ ಅಂದರೆ ಹಾಳು ಬಿದ್ದದ್ದು. 1721ರಲ್ಲಿ ಸಾಲ ಕೊಟ್ಟವರು ಸುಟ್ಟರು, 1864ರಲ್ಲಿ ಮತ್ತೆ ಕಟ್ಟಿದರು, 1948ರಲ್ಲಿ ಯುದ್ಧದಲ್ಲಿ ಸ್ಫೋಟಿಸಿದರು, 2010ರಲ್ಲಿ ಮತ್ತೆ ಕಟ್ಟಿದರು.

1948ರ ಮೇ 28ರಂದು ಈ ಕೇರಿ ಜೋರ್ಡನ್ ಸೈನ್ಯಕ್ಕೆ ಶರಣಾಯಿತು. ತಲೆತಲಾಂತರದಿಂದ ಇದ್ದ ಯೆಹೂದ್ಯರು ಎಲ್ಲ ಬಿಟ್ಟು ಹೊರಟರು, ಹಲವು ಗಂಡಸರು ಸೆರೆಯಾದರು. ಚೀಯೋನ್ ಬಾಗಿಲಿನ ಕಲ್ಲಿನಲ್ಲಿ ಗುಂಡಿನ ಗುರುತು ಇನ್ನೂ ಇವೆ. 19 ವರ್ಷ ಅವರಿಗೆ ಪಶ್ಚಿಮ ಗೋಡೆಯ ಹತ್ತಿರ ಹೋಗಲು ಆಗಲಿಲ್ಲ. 1967ರ ಜೂನಿನಲ್ಲಿ ಇಸ್ರೇಲ್ ಸೈನ್ಯ ಗೆದ್ದು ಬಂತು. ವಿಡಿಯೋಗಳಲ್ಲಿ ಇಲ್ಲಿಗೆ ಮ್ಯೂಸಿಕ್ ಜೋರಾಗುತ್ತದೆ. ಅವರು ತೋರಿಸದ ಒಂದು ಮಾತಿದೆ. ಪಶ್ಚಿಮ ಗೋಡೆಯ ಮುಂದೆ ಈಗ ಸಾವಿರಾರು ಜನ ನಿಲ್ಲುವ ಬಯಲು ಇದೆಯಲ್ಲ, ಅದು ಆಗ ಬಯಲಲ್ಲ. ಸಲಾದಿನನ ಮಗನ ಕಾಲದಿಂದ, ಅಂದರೆ ಸುಮಾರು 1190ರ ದಶಕದಿಂದ, ಉತ್ತರ ಆಫ್ರಿಕಾದ ಮುಸ್ಲಿಮರು ಬಂದು ನೆಲೆಸಿದ ಮುಗ್ರಾಬಿ ಕೇರಿ ಅಲ್ಲಿತ್ತು. ಯುದ್ಧ ಮುಗಿದ ಕೂಡಲೇ, ಜೂನ್ 10ರ ರಾತ್ರಿ, ಬುಲ್ಡೋಜರ್ ಬಂದವು. ಮನೆಯವರಿಗೆ ಖಾಲಿ ಮಾಡಲು ಸಿಕ್ಕ ಟೈಮು ಬಹಳ ಕಡಿಮೆ. ಸುಮಾರು 135 ಮನೆ ಹೋದವು.

ಇದನ್ನ ಯಾಕೆ ಹೇಳ್ತೀನಿ ಅಂದ್ರ, ಯೆರೂಸಲೇಮಿನ ಸಮಾಧಾನಕ್ಕಾಗಿ ಪ್ರಾರ್ಥಿಸ್ರಿ ಅಂತ ನಾವು ಹೇಳ್ತೀವಿ, ಸರಿ. ಆದರೆ ಒಬ್ಬರ ಕಣ್ಣೀರು ಪ್ರವಾದನೆ ನೆರವೇರಿದ್ದು, ಇನ್ನೊಬ್ಬರ ಕಣ್ಣೀರು ಲೆಕ್ಕಕ್ಕಿಲ್ಲ ಅಂತ ಹೇಳುವ ವಿಡಿಯೋವನ್ನ ನಮ್ಮ ಗ್ರೂಪಿಗೆ ಫಾರ್ವರ್ಡ್ ಮಾಡಬ್ಯಾಡ್ರಿ. ನಾನು ಡಿಲೀಟ್ ಮಾಡ್ತೀನಿ. ಮನೆಗಳನ್ನು ಎಣಿಸಿ ಕೆಡವಿದ್ದನ್ನು ಯೆಶಾಯ ತನ್ನ ಸ್ವಂತ ಜನರ ಮುಖಕ್ಕೇ ಹೇಳಿದ, ಶತ್ರು ಬಾಗಿಲಲ್ಲಿ ಇದ್ದ ಕಾಲದಲ್ಲೇ.

ಮುಂದಿನ ಕೂಟಕ್ಕೆ ನೆಹೆಮೀಯ 3 ಪೂರ್ತಿ ಓದಿಕೊಂಡು ಬನ್ನಿ, ಯಾರ ಯಾರ ಕಸುಬು ಬರೆದಿದೆ ಅಂತ ಪಟ್ಟಿ ಮಾಡ್ರಿ, ಹೆಣ್ಣುಮಕ್ಕಳು ಎಲ್ಲಿ ಬರ್ತಾರೆ ಅಂತಲೂ ಹುಡುಕ್ರಿ. ಮಾನ್ವಿ ಕಡೆಯವರಿಗೆ ಬಸ್ಸಿನ ಟೈಮಾಯ್ತು. ರೂಮು ಹುಡುಕ್ತಾ ಇರೋರು ಇನ್ನೂ ಇಬ್ಬರಿದ್ದಾರೆ, ಸಭೆಯವರ ಮನೆಯಲ್ಲಿ ಖಾಲಿ ರೂಮು ಇದ್ದರೆ ಈಗಲೇ ಬಂದು ನನಗೆ ಹೇಳ್ರಿ. ಎಲ್ಲರೂ ಎದ್ದು ನಿಲ್ಲಿ, ಪ್ರಾರ್ಥನೆ ಮಾಡೋಣ.